ಸೋರೆಬುರುಡೆಯೊಳಗಿನ ಉಸಿರು

ಕೃಷ್ಣೆಯ ದಂಡೆಯ ಆ ಆಶ್ರಮದಲ್ಲಿ ಒಂದು ಕಟ್ಟಳೆ. ದೀಕ್ಷೆ ಬೇಕೆಂದವರು ಒಣಗಿದ ಸೋರೆಬುರುಡೆಯನ್ನು ಸೊಂಟಕ್ಕೆ ಕಟ್ಟಿಕೊಂಡು ಹೊಳೆ ದಾಟಬೇಕು. ಬುರುಡೆ ಸಿದ್ಧ ಮಾಡಿಕೊಳ್ಳುವುದೂ ಅವರದೇ ಕೆಲಸ.

ಮಡಿವಾಳಯ್ಯ ಮಾಸ್ತರ ಎರಡು ಸಲ ನೀರು ಕಂಡು ಓಡಿದ್ದ. ಇದು ಮೂರನೆಯದು. ಇವತ್ತೂ ಆಗದಿದ್ದರೆ ಗಂಟುಮೂಟೆ ಕಟ್ಟುವುದೇ.

ನಸುಕು. ಮೂಡಲಲ್ಲಿ ಬೆಳ್ಳಿಚುಕ್ಕಿ ಹೊಳೆಯುತ್ತಿತ್ತು. ಗುರು ನೀಲಗಂಗವ್ವ ದಂಡೆಯ ಮೇಲೆ ಕೂತಿದ್ದಳು.

"ಅವ್ವಾರ, ಒಂದು ಮಾತು ಕೇಳಲೇನ್ರಿ?"

"ನೀರಿಗಿಳಿಯೋ ಹೊತ್ತಿಗೇ ನಿನಗ ಮಾತು ನೆನಪಾಗತಾವ. ಕೇಳು."

"ಆ ಬೆಳ್ಳಿಚುಕ್ಕಿ, ಅದ ಶುಕ್ರಗ್ರಹ, ಅದರ ಮ್ಯಾಲ ಗಾಳಿ ಬಾಳ ದಟ್ಟ ಐತಂತ್ರಿ. ನಾವು ಉಸಿರಾಡೋ ಗಾಳೀನ ದೊಡ್ಡ ಚೀಲದಾಗ ತುಂಬಿ ಬಿಟ್ರ, ಅಲ್ಲಿಯ ಮೋಡದಾಗ ತೇಲತೈತಂತ. ಸಾಲ್ಯಾಗ ಇಪ್ಪತ್ತು ವರ್ಷ ಇದನ್ನ ಕಲಿಸೀನಿ. ಒಂದಿನಾನೂ ನಂಬಿಕಿ ಬಂದಿಲ್ಲ."

"ಯಾಕ?"

"ಬರೇ ಉಸಿರು ಅದು. ಅದರಾಗ ಏನೈತ್ರಿ?"

ಅವ್ವ ಹೊಳೆಯತ್ತ ಕೈ ತೋರಿಸಿದಳು.

ಮಾಸ್ತರ ಇಳಿದ. ನೀರು ಎದೆಮಟ್ಟ ಬಂತು, ಕುತ್ತಿಗೆಗೆ ಬಂತು. ಬುರುಡೆ ಅವನನ್ನು ಎತ್ತಲೇ ಇಲ್ಲ. ಮುಳುಗಿದ, ನೀರು ಕುಡಿದ, ಚೀರಿದ. ಅವ್ವ ಸೀರೆ ಎತ್ತಿ ಕಟ್ಟಿ ನುಗ್ಗಿದವಳೇ ರಟ್ಟೆ ಹಿಡಿದು ಎಳೆದು ತಂದಳು.

"ಸತ್ತೆನ್ರಿ ಅವ್ವಾ!"

"ಸತ್ತವರು ಹಿಂಗ ಒದರೂದಿಲ್ಲ."

ಬುರುಡೆ ಬಿಚ್ಚಿ ಅಲ್ಲಾಡಿಸಿದಳು. ಅದು ತುಂಬಿದ ಕೊಡದಷ್ಟು ಭಾರವಿತ್ತು.

"ಇದರಾಗ ಏನು ತುಂಬಿದಿ?"

ಮಾಸ್ತರ ತಲೆ ತಗ್ಗಿಸಿದ. "ತೀರ್ಥರಿ. ನೂರೆಂಟು ಸಲ ಮಂತ್ರ ಹೇಳಿ ತುಂಬಿ ಮೇಣ ಮೆತ್ತಿದ್ದೆ. ಖಾಲಿ ಬುರುಡಿ ನನ್ನ ಹೆಂಗ ಕಾಯಬೇಕು, ನೀವ ಹೇಳ್ರಿ."

ಅವ್ವ ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಮೇಣ ಕಿತ್ತು ತೀರ್ಥವನ್ನೆಲ್ಲ ಹೊಳೆಗೆ ಸುರಿದಳು. ಬರಿದಾದ ಬುರುಡೆಯನ್ನು ಅವನ ಬಾಯಿಗೆ ಹಿಡಿದಳು.

"ಊದು."

ಊದಿದ. ಅವ್ವ ಮತ್ತೆ ಮೇಣ ಮೆತ್ತಿ, ಅವನ ಸೊಂಟಕ್ಕೆ ಬಿಗಿದು, "ನಡಿ" ಅಂದಳು.

ಮಾಸ್ತರ ಮತ್ತೆ ಇಳಿದ. ಎದೆಮಟ್ಟ ನೀರಲ್ಲಿ ಏನೋ ಅವನನ್ನು ಕೆಳಗಿನಿಂದ ಮೆಲ್ಲಗೆ ಎತ್ತಿತು. ಕಾಲು ಉಸುಕು ಬಿಟ್ಟಿತು. ಅಯ್ಯೋ, ಐವತ್ತು ದಾಟಿದ ಆಳು, ನಡುಹೊಳೆಯಲ್ಲಿ ಮಗುವಿನ ಹಾಗೆ ಅತ್ತುಬಿಟ್ಟ. ತಲೆ ಎತ್ತಿದರೆ ಬೆಳ್ಳಿಚುಕ್ಕಿ ಇನ್ನೂ ಇತ್ತು.

"ಅವ್ವಾರ! ತೇಲಾಕತ್ತೀನ್ರಿ! ಅಲ್ಲಿನೂ ಖರೇನ ಹಿಂಗ ತೇಲತೈತೇನ್ರಿ?"

ದಂಡೆಯಿಂದ ಅವ್ವ ಕೂಗಿದಳು:

"ಅಲ್ಲಿಗೆ ನಾ ಹೋಗಿಲ್ಲ ಮಾಸ್ತರ. ಬರೇ ಉಸಿರು ಅಂತ ನೀ ಅಂದಿದ್ದಿ ಅಲ್ಲ, ಆ ದಂಡಿ ಮುಟ್ಟಿದ ಮ್ಯಾಲ ಮೊದಲು ಅದಕ್ಕ ಕೈ ಮುಗಿ."