ಐದು ಜನ ಹೇಳಿದ ಅರ್ಥ

ಒಂದು ಸೀಮೆಯಲ್ಲಿ ಮರುಳಸಿದ್ಧ ಪಂಡಿತ ಎಂಬವನಿದ್ದ. ದೊರೆ ಅವನಿಂದ ಒಂದು ನಿಘಂಟು ಬರೆಸಿದ. ಪಂಡಿತ ಒಂಬತ್ತು ವರ್ಷ ದುಡಿದ. ತಾವರೆ ಎಂಬ ಒಂದೇ ಪದಕ್ಕಾಗಿ ಹನ್ನೊಂದು ಓಲೆಗರಿಯ ಕಟ್ಟುಗಳನ್ನು ಬಿಚ್ಚಿ ನೋಡಿದ. ಬಂಜೆ ಎಂಬ ಪದ ಬಂದಾಗ ಮಾತ್ರ ಯಾವ ಕಟ್ಟನ್ನೂ ಬಿಚ್ಚಲಿಲ್ಲ. ಜಗಲಿಯ ಮೇಲೆ ಕೂತಿದ್ದ ಐವರು ಗೆಳೆಯರನ್ನು ಕೇಳಿದ. ಐವರೂ ಗಂಡಸರು, ಐವರೂ ಮಕ್ಕಳೊಂದಿಗರು. ಅವರು ನಗುತ್ತಾ ಹೇಳಿದ್ದನ್ನೇ ಬರೆದುಕೊಂಡ: "ಬಂಜೆ: ಮಕ್ಕಳಿಲ್ಲದ ಹೆಂಗಸು. ಅಪಶಕುನದವಳು. ಇದ್ದ ಮನೆಗೆ ಕೇಡು."

ನಿಘಂಟಿನ ಹನ್ನೆರಡು ಪ್ರತಿಗಳು ಹನ್ನೆರಡು ಊರಿನ ಚಾವಡಿಗಳಿಗೆ ಹೋದವು. ಇನ್ನು ಮುಂದೆ ಇದರಲ್ಲಿದ್ದದ್ದೇ ಅರ್ಥ ಎಂದು ದೊರೆ ಅಪ್ಪಣೆ ಮಾಡಿದ.

ಅವುಗಳಲ್ಲಿ ಒಂದು ಊರಿನಲ್ಲಿ ದುರುಗವ್ವ ಎಂಬ ಹೆಂಗಸಿದ್ದಳು. ಕುರಿ ಉಣ್ಣೆ ನೂತು ಹದಿನೆಂಟು ವರ್ಷ ಗಂಡನ ಮನೆ ನಡೆಸಿದ್ದಳು. ಗಂಡ ಕೊಟ್ರಯ್ಯನಿಗೆ ಇನ್ನೊಂದು ಮದುವೆಯ ಆಸೆ ಹುಟ್ಟಿತು. ಅವನು ಚಾವಡಿಗೆ ಹೋಗಿ, ಇವಳಿಗೆ ಮಕ್ಕಳಾಗಲಿಲ್ಲ, ಇವಳನ್ನು ಮನೆಯಿಂದ ಕಳಿಸಿಕೊಡಿ ಎಂದು ಕೇಳಿದ. ಊರ ಗೌಡ ನಿಘಂಟು ತೆಗೆಸಿ ಓದಿಸಿದ. ಮನೆಗೆ ಕೇಡು ಎಂದು ಬರೆದೇ ಇತ್ತಲ್ಲ! ಆ ದಿನವೇ ದುರುಗವ್ವ ಉಟ್ಟ ಸೀರೆಯಲ್ಲಿ ಹೊರಗೆ ಬಂದಳು. ಮಕ್ಕಳಾಗದ ಗಂಡಸಿಗೆ ಆ ನಿಘಂಟಿನಲ್ಲಿ ಪದವೇ ಇರಲಿಲ್ಲ. ಹಾಗಾಗಿ ಕೊಟ್ರಯ್ಯನ ಬಗ್ಗೆ ಯಾರೂ ಏನೂ ಓದಲಿಲ್ಲ.

ದುರುಗವ್ವ ಅಳುತ್ತಾ ಕೂರಲಿಲ್ಲ. ಮೂರು ದಿನ ನಡೆದು ಪಂಡಿತನ ಮನೆ ಮುಟ್ಟಿದಳು. ನಡೆದದ್ದನ್ನೆಲ್ಲ ಹೇಳಿ, ಈ ಅರ್ಥ ನಿಮಗೆ ಎಲ್ಲಿ ಸಿಕ್ಕಿತು ಎಂದು ಕೇಳಿದಳು.

"ನಾನು ಹುಟ್ಟಿಸಿದ ಅರ್ಥವಲ್ಲ ತಾಯಿ," ಎಂದ ಪಂಡಿತ. "ಜನ ಆಡುವುದನ್ನು ಬರೆದಿದ್ದೇನೆ, ಅಷ್ಟೇ."

"ಯಾವ ಜನ, ಪಂಡಿತರೇ? ಆ ಮಾತು ಆಡಿದವರನ್ನು ಕೇಳಿದಿರಿ. ಅನ್ನಿಸಿಕೊಂಡವಳನ್ನು ಒಬ್ಬಳನ್ನಾದರೂ ಕೇಳಿದಿರಾ? ನಾನು ಜನ ಅಲ್ಲವಾ?"

ಐವರು ಗೆಳೆಯರ ಹೆಸರು ಹೇಳಲು ಪಂಡಿತನಿಗೇ ನಾಚಿಕೆಯಾಯಿತು. ಕೊನೆಗೆ, ಆ ಪದವನ್ನೇ ನಿಘಂಟಿನಿಂದ ತೆಗೆದುಹಾಕುತ್ತೇನೆ ಎಂದ.

ದುರುಗವ್ವ ಒಪ್ಪಲಿಲ್ಲ. ಪುಸ್ತಕದಿಂದ ತೆಗೆದರೆ ಜನರ ಬಾಯಿಂದ ಹೋಗುತ್ತದೆಯೇ ಎಂದು ಕೇಳಿದಳು. "ಪದ ಇರಲಿ. ಅದು ಏನು ಮಾಡುತ್ತದೆ ಅನ್ನುವುದನ್ನು ಬರೆಯಿರಿ. ಹನ್ನೆರಡು ಊರಿಗೂ ನೀವೇ ಬಂದು, ಎಲ್ಲರೆದುರು ಬರೆಯಬೇಕು."

ಪಂಡಿತ ಮಸಿಕುಡಿಕೆ ಹಿಡಿದು ಅವಳ ಜೊತೆ ಹೊರಟ. ಒಂದೊಂದು ಊರಿನಲ್ಲೂ ಚಾವಡಿಯ ಹತ್ತಿರಕ್ಕೂ ಬಾರದ ಹೆಂಗಸರು ಮೆಲ್ಲಗೆ ಬಂದು ನಿಂತರು. ಒಬ್ಬಳನ್ನು ತಂಗಿಯ ಮದುವೆಗೇ ಕರೆದಿರಲಿಲ್ಲ. ಇನ್ನೊಬ್ಬಳ ಕೈಗೆ ಯಾರೂ ಕೂಸನ್ನು ಕೊಡುತ್ತಿರಲಿಲ್ಲ. ಅವರು ಹೇಳಿದ್ದನ್ನು ಕೇಳಿ ಪಂಡಿತ ಹಳೆಯ ಸಾಲು ಹೊಡೆದುಹಾಕಿ ಹೊಸದು ಬರೆದ: "ಬಂಜೆ: ಹೆರದ ಹೆಂಗಸನ್ನು ನೋಯಿಸಲು ಆಡುವ ಬೈಗುಳ. ಅದನ್ನು ಆಡಿದವರದೇ ತಪ್ಪು."

ಕಡೆಗೆ ದುರುಗವ್ವನ ಊರು ಬಂತು. ಅಷ್ಟರಲ್ಲಿ ಕೊಟ್ರಯ್ಯನ ಮದುವೆ ಮುಗಿದಿತ್ತು. ಗೌಡ ಹೊಸ ಸಾಲನ್ನು ಎರಡು ಸಲ ಓದಿಸಿದ. ತಲೆ ತಗ್ಗಿಸಿ, ಬೇಕಿದ್ದರೆ ಮನೆಗೆ ಮರಳಿ ಹೋಗಬಹುದು ಎಂದು ಅವಳಿಗೆ ಹೇಳಿದ.

"ಆ ಮನೆ ಬೇಡ ಗೌಡರೇ. ನನ್ನ ರಾಟೆ ತರಿಸಿಕೊಡಿ."

ರಾಟೆ ಬಂತು. ಅದನ್ನು ಹೊತ್ತು ಅವಳು ಅಕ್ಕನ ಊರಿಗೆ ಹೋದಳು. ಅಲ್ಲೇ ಉಣ್ಣೆ ನೂತು ಬದುಕಿದಳು. ಕಳೆದ ಹದಿನೆಂಟು ವರ್ಷಗಳನ್ನು ಅವಳಿಗೆ ಯಾರೂ ತಿರುಗಿ ಕೊಡಲಿಲ್ಲ, ಕೊಡಲು ಆಗುವಂಥದ್ದೂ ಅಲ್ಲ. ಪಂಡಿತ ಮಾತ್ರ ಮತ್ತೆಂದೂ ಜಗಲಿಯ ಮೇಲೆ ಕೂತು ಯಾರಿಗೂ ಅರ್ಥ ಬರೆಯಲಿಲ್ಲ. ಮನುಷ್ಯರನ್ನು ಕುರಿತ ಪದ ಬಂದರೆ ಮೊದಲು ಚಪ್ಪಲಿ ಮೆಟ್ಟಿ ಅವರ ಮನೆಗೆ ನಡೆಯುತ್ತಿದ್ದ.

ನೀತಿ: ಪುಸ್ತಕದಲ್ಲಿದೆ ಎಂದ ಮಾತ್ರಕ್ಕೆ ಒಂದು ಮಾತು ನ್ಯಾಯವಾಗುವುದಿಲ್ಲ. ಒಬ್ಬರಿಗೆ ಹೆಸರಿಡುವ ಮೊದಲು ಅವರನ್ನು ಕೇಳಿ. ಕೇಳದೆ ಬರೆದದ್ದು ಅರ್ಥವಲ್ಲ, ಅನ್ಯಾಯ.