ಹೆರೆಬಂಡೆಗೆ ಆ ಹೆಸರು ಬಂದದ್ದು

ಬನ್ನಿ, ಚಾಪೆ ಇತ್ತ ಎಳೆದುಕೊಂಡು ಒತ್ತಾಗಿ ಕೂತುಕೊಳ್ಳಿ. ಕೈಯಲ್ಲಿ ತಿನ್ನುವುದೇನಾದರೂ ಇದ್ದರೆ ಮೊದಲು ಮುಗಿಸಿ; ಇದು ಬಾಯಲ್ಲಿ ತುತ್ತಿಟ್ಟುಕೊಂಡು ಕೇಳುವ ಕಥೆಯಲ್ಲ. ನಮ್ಮ ನೆಲ್ಲಿಪೇಟೆಯ ಚರ್ಚಿನ ಹಿಂದೆ ಏರು ಹತ್ತಿದರೆ ಆನೆ ಮಲಗಿದ ಹಾಗೆ ಒಂದು ಬಂಡೆ ಇದೆಯಲ್ಲ, ಅದೇ ಹೆರೆಬಂಡೆ. ಅದರ ನೆತ್ತಿಯಿಂದ ಬುಡದವರೆಗೆ ಅಡ್ಡಾದಿಡ್ಡಿ ಗೀರುಗಳಿವೆ. ಮಳೆನೀರು ಹರಿದು ಆದದ್ದು ಎನ್ನುತ್ತಾರೆ ಕೆಲವರು. ರಾಜರು ಕತ್ತಿ ಮಸೆದದ್ದು ಎನ್ನುತ್ತಾನೆ ಸೋಡಾ ಅಂಗಡಿಯವನು. ಪಾಪ, ರಾಜರಿಗೆ ಬೇರೆ ಕೆಲಸವೇ ಇರಲಿಲ್ಲ ನೋಡಿ! ಆ ಗೀರು ಎಳೆದವರು ನಮ್ಮವರೇ, ಚಾಕು ಕುಡುಗೋಲು ಹಿಡಿದು.

ಹಿಂದೆ ಒಮ್ಮೆ, ಊರಿಗೆ ಕರೆಂಟು ಬರುವುದಕ್ಕೆ ಎಷ್ಟೋ ಮುಂಚೆ, ಇಲ್ಲಿ ಚೌರಪ್ಪ ಎಂಬ ಮೇಣದಬತ್ತಿ ವ್ಯಾಪಾರಿ ಇದ್ದ. ಕಾಡಿನಿಂದ ಬಂದ ಜೇನುಮೇಣವನ್ನು ಕಾಯಿಸಿ, ಸೋಸಿ, ಅಚ್ಚಿಗೆ ಹೊಯ್ಯುವುದು ಅವನ ಅಜ್ಜನ ಕಾಲದಿಂದ ಬಂದ ಕಸುಬು. ಮನೆಮಂದಿಯೆಲ್ಲ ಅದರಲ್ಲೇ. ಸೊಸೆ ಅರುಳಮ್ಮ ದಾರ ಹೊಸೆದರೆ ಮಗ ಇನ್ನಾಸಪ್ಪ ಒಲೆ ನೋಡಿಕೊಳ್ಳುತ್ತಿದ್ದ. ಚೌರಪ್ಪ ಒಂದೊಂದು ಅಚ್ಚು ತುಂಬುವಾಗಲೂ ಒಂದು ನಮೋ ಮರಿಯ ಪ್ರಾರ್ಥನೆ ಹೇಳುತ್ತಿದ್ದನಂತೆ. ದಿನಾ ಚರ್ಚಿನ ಬೆಳಗಿನ ಪೂಜೆಗೆ ಅವನೇ ಮೊದಲಿಗ. ಸಂಜೆ ಮಗ ಸೊಸೆಯನ್ನು ಕೂರಿಸಿಕೊಂಡು ಜಪಸರ ಮಾಡದೆ ಅನ್ನ ಮುಟ್ಟಿದವನಲ್ಲ. ಸುತ್ತಲ ಊರುಗಳಲ್ಲಿ ಮದುವೆಗಾಗಲಿ ಸಾವಿಗಾಗಲಿ ಉರಿಯುತ್ತಿದ್ದದ್ದು ಚೌರಪ್ಪನ ಬತ್ತಿಯೇ. ವಯಸ್ಸಾಗಿ ಕೈ ನಡುಗತೊಡಗಿದಾಗ ಒಲೆ, ಅಚ್ಚು ಎಲ್ಲವನ್ನೂ ಮಗನಿಗೆ ಒಪ್ಪಿಸಿ ತಾನು ಅಂಗಡಿಯಲ್ಲಿ ಕೂತ.

ಇಲ್ಲಿ ನಮ್ಮದೊಂದು ಪದ್ಧತಿ ಹೇಳಬೇಕು. ಆತ್ಮಗಳ ಹಬ್ಬದ ದಿನ ಕಲ್ಲರೆಗೆ, ಅಂದರೆ ನಮ್ಮವರನ್ನು ಮಣ್ಣು ಮಾಡಿದ ಜಾಗಕ್ಕೆ ಹೋಗಿ, ಪ್ರತಿ ಸಮಾಧಿಯ ಮೇಲೂ ಸೇವಂತಿಗೆ ಇಟ್ಟು ಬತ್ತಿ ಹಚ್ಚುತ್ತೇವೆ. ಹಚ್ಚಿ ಹಿಂತಿರುಗಿ ನೋಡದೆ ಬರುವುದು ಆಗಿನ ರೂಢಿ. ಗಾಳಿಗೆ ಆರಿದ ಬತ್ತಿಯನ್ನೂ ಯಾರೂ ಮುಟ್ಟುತ್ತಿರಲಿಲ್ಲ. ಅದು ಸತ್ತವರ ಪಾಲಿನದು, ಮಣ್ಣಿಗೆ ಸೇರಬೇಕಾದದ್ದು.

ಆ ವರ್ಷ ಹಬ್ಬ ಕಳೆದ ಮೇಲೆ ಇನ್ನಾಸಪ್ಪನ ಹೆಣ್ಣುಕೂಸಿಗೆ ಚರ್ಚಿನಲ್ಲಿ ಜ್ಞಾನಸ್ನಾನ, ಅಂದರೆ ತಲೆಗೆ ನೀರು ಹೊಯ್ದು ಹೆಸರಿಡುವ ಶಾಸ್ತ್ರ ಇತ್ತು. ಚೌರಪ್ಪ ಸಂಭ್ರಮದಿಂದ ಅಂಗಡಿಯ ರಾಶಿಯಲ್ಲಿದ್ದ ಒಂದು ಉದ್ದನೆಯ ಬತ್ತಿ ತಂದು ಗುರುಗಳ ಕೈಗೆ ಕೊಟ್ಟ. ಹಚ್ಚಿದರೆ ಅದು ಚಿಟಚಿಟ ಎಂದು ಸಿಡಿಯಿತು, ಕೂದಲು ಸುಟ್ಟ ನಾತ ಬಂತು. ಅರುಳಮ್ಮ ಗಾಬರಿಯಾಗಿ, “ಮಾವ, ಅಂಗಡೀದು ಯಾಕೆ ತಂದ್ರಿ? ನಮ್ಮ ಕೂಸಿಗೆ ಅಂತ ಇವರು ಬೇರೆ ತೆಗೆದಿಟ್ಟಿದ್ರಲ್ಲ!” ಎಂದುಬಿಟ್ಟಳು. ಬೇರೆ ಯಾಕೆ? ಚೌರಪ್ಪ ಬತ್ತಿಯನ್ನು ಅಲ್ಲೇ ಮುರಿದ. ಒಳಗೆ ಕಲ್ಲರೆಯ ಕೆಂಪು ಮಣ್ಣು, ಒಂದು ಎಳೆ ಕೂದಲು, ಕೊಳೆತ ಸೇವಂತಿಗೆಯ ಎಸಳು. ಥೂ! ಹಬ್ಬದ ಬತ್ತಿಗಳನ್ನು ಸತ್ತವರ ಎದೆಯ ಮೇಲಿಂದ ಕಿತ್ತು ತಂದು ಕರಗಿಸಿ, ನೆಟ್ಟಗೆ ಸೋಸುವುದಕ್ಕೂ ಮೈಗಳ್ಳತನ ಮಾಡಿ, ಮದುಮಕ್ಕಳ ಕೈಗೆ, ಎಳೆಗೂಸುಗಳ ಮುಖದೆದುರಿಗೆ ಹಿಡಿಸಿದ್ದ ಆ ಮಹಾರಾಯ ಇನ್ನಾಸಪ್ಪ! ತನ್ನ ಕೂಸಿಗೆ ಮಾತ್ರ ಹಸನಾದ ಮೇಣ.

ಇನ್ನಾಸಪ್ಪನಿಗೆ ನಾಚಿಕೆ ಎಂಬುದು ಇರಲಿಲ್ಲ. “ಇಲಿ ತಿಂದು ಹಾಳು ಮಾಡ್ತಿತ್ತು ಅಪ್ಪಯ್ಯ. ಸುಮ್ಮನೆ ಹಾಳಾಗೋದ್ಯಾಕೆ ಅಂತ ತಂದೆ. ಬೇಕಾದ್ರೆ ಗುರುಗಳ ಹತ್ತಿರ ಪಾಪನಿವೇದನೆ ಮಾಡ್ಕೋತೀನಿ, ಊರವರಿಗೆ ಯಾಕೆ ಹೇಳೋದು? ನಿಮ್ಮ ಹೆಸರೇ ಹೋಗುತ್ತೆ,” ಎಂದ.

“ನಿನ್ನ ಪಾಪ ನೀನು ಹೇಳ್ಕೊ,” ಎಂದ ಚೌರಪ್ಪ. “ಬತ್ತಿ ಕೊಂಡವರಿಗೆ ನಾನು ಹೇಳ್ತೀನಿ.”

ಹೆಸರೊಂದನ್ನು ಬಿಟ್ಟರೆ ಆ ಮುದುಕನಿಗೆ ಬೇರೆ ಏನಿತ್ತು? ಆದರೂ ಮುಂದಿನ ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನ ಬಾಗಿಲಲ್ಲಿ ಮೊಣಕಾಲೂರಿ ಎಲ್ಲವನ್ನೂ ಹೇಳಿದ. “ನನ್ನ ಒಲೆಯಲ್ಲಿ ಆದದ್ದು, ತಪ್ಪು ನನ್ನದು,” ಎಂದ. ಜನ ಕ್ಯಾಕರಿಸಿ ಉಗಿದರು. ಒಬ್ಬಳಂತೂ ಕಾಲಿನ ಮೆಟ್ಟು ತೆಗೆದಳು. ಉಗಿಸಿಕೊಂಡವನು ಎದ್ದು, ಅಂಗಡಿಯಲ್ಲಿದ್ದ ಮೇಣವನ್ನೆಲ್ಲ ಗಾಡಿಗೆ ತುಂಬಿ ಏರಿನ ಬಂಡೆಯ ಮೇಲೆ ರಾಶಿ ಹಾಕಿ, “ಯಾರ ಪಾಲಿನದೋ ಅವರಿಗೆ ಸೇರಲಿ,” ಎಂದು ಬೆಂಕಿ ಇಟ್ಟ. ಹಗಲಿಡೀ ಉರಿಯಿತು. ಉರಿದದ್ದಕ್ಕಿಂತ ಕರಗಿ ಬಂಡೆಯ ಮೈಮೇಲೆ ಇಳಿದು ಹೆಪ್ಪುಗಟ್ಟಿದ್ದೇ ಹೆಚ್ಚು ಎನ್ನುತ್ತಾರೆ.

ಮರುದಿನ ಬೆಳಿಗ್ಗೆ ಚೌರಪ್ಪ ಬೂದಿ ಗುಡಿಸಲು ಪೊರಕೆ ಹಿಡಿದು ಹೋದರೆ, ಬಂಡೆಯ ತುಂಬ ಜನ. ನಿನ್ನೆ ಉಗಿದವರೇ! ಚಾಕು, ಕುಡುಗೋಲು, ದೋಸೆ ಮಗುಚುವ ಸಟ್ಟುಗ ಹಿಡಿದು ಮೇಣ ಹೆರೆಹೆರೆದು ಮಡಿಲಿಗೆ ತುಂಬುತ್ತಿದ್ದರು. ನನಗೆ ನಿನಗೆ ಎಂದು ಮೊಣಕೈಯಲ್ಲಿ ತಿವಿದಾಟ ಬೇರೆ. ಮೆಟ್ಟು ತೆಗೆದವಳು ತಲೆ ಎತ್ತಿ, “ಬೆಂಕೀಲಿ ಬೆಂದ ಮೇಲೆ ಶುದ್ಧ ಆಗ್ಲಿಲ್ವಾ ಚೌರಪ್ಪಣ್ಣ? ಸುಮ್ಮನೆ ಹಾಳಾಗೋದ್ಯಾಕೆ!” ಎಂದು ಹಲ್ಲು ಕಿರಿದಳು.

“ನನ್ನ ಮಗನೂ ಹೀಗೇ ಅಂದ ತಾಯಿ,” ಎಂದು ಚೌರಪ್ಪ ಪೊರಕೆಯನ್ನು ಅಲ್ಲೇ ಬಿಟ್ಟು ಇಳಿದುಹೋದ. ಅಂದಿನಿಂದ ಅದು ಹೆರೆಬಂಡೆ.

ಆಮೇಲೆ ಚೌರಪ್ಪ ಅಂಗಡಿ ತೆರೆಯಲೇ ಇಲ್ಲ. ಕಲ್ಲರೆಯ ಕಳೆ ಕೀಳುತ್ತಾ, ಮುರಿದ ಶಿಲುಬೆ ನೆಟ್ಟಗೆ ಮಾಡುತ್ತಾ ಇದ್ದು, ಅಲ್ಲೇ ಬೇಲಿಯ ಪಕ್ಕ ಮಣ್ಣಾದ. ಇನ್ನಾಸಪ್ಪ ದೂರದ ಪೇಟೆಗೆ ಹೋಗಿ ಅದೇ ವ್ಯಾಪಾರ ಹಿಡಿದು ಚೆನ್ನಾಗಿಯೇ ಬಾಳಿದ. ಸಿಡಿಲು ಹೊಡೆಯಿತು, ಹಾವು ಕಚ್ಚಿತು ಎಂದು ಸುಳ್ಳು ಹೇಳಿ ನಿಮ್ಮನ್ನು ಸಮಾಧಾನ ಮಾಡಲಾರೆ. ಮೈ ತುಂಬಿಕೊಂಡು, ಮುದುಕನಾಗಿ, ಹಾಸಿಗೆಯಲ್ಲೇ ಸತ್ತ. ಅರುಳಮ್ಮ ಗಂಡನ ಹಿಂದೆ ಹೋಗಲಿಲ್ಲ. ಹಪ್ಪಳ ಒತ್ತಿ ಮಾರಿ ಮಾವನನ್ನೂ ಕೂಸನ್ನೂ ಸಾಕಿದಳು. ಆ ಕೂಸಿಗೆ ಹರಳೆಣ್ಣೆಯ ಹಣತೆ ಹಚ್ಚಿ ಜ್ಞಾನಸ್ನಾನ ಕೊಟ್ಟರಂತೆ. ಆ ಕೂಸೇ ನಮ್ಮತ್ತೆಯ ತಾಯಿ. ಇನ್ನು ಊರಿನವರು. ಆತ್ಮಗಳ ಹಬ್ಬಕ್ಕೆ ಬಂದ ಪರವೂರಿನವರು ಈಗಲೂ ನೋಡುತ್ತಾರೆ, ನೆಲ್ಲಿಪೇಟೆಯವರು ಬತ್ತಿ ಪೂರ್ತಿ ಉರಿದು ತಳ ಕಾಣುವ ತನಕ ಸಮಾಧಿಯ ಪಕ್ಕ ಬಿಟ್ಟು ಏಳುವುದಿಲ್ಲ. ಎಂಥ ಭಕ್ತಿ ಎಂದು ಅವರು ಹೊಗಳುತ್ತಾರೆ. ಭಕ್ತಿಯಂತೆ ಭಕ್ತಿ! ಪಕ್ಕದವರು ಎತ್ತಿಕೊಂಡು ಹೋಗದಂತೆ ಕಾವಲು ಕೂತಿರುತ್ತಾರೆ.