ಅರಮನೆಯ ಸರದಿ

"ಬುದ್ಧೀ, ಚೆಲುವಾದದ್ದನ್ನು ಕಾಪಾಡಬಲ್ಲವರ ಕೈಗೆ ಒಪ್ಪಿಸುವುದು ತಪ್ಪೇ?" ಎಂದು ಕೊಟ್ರಯ್ಯ ಗುರುಗಳನ್ನು ಕೇಳಿದ.

ಕೇಳಲು ಕಾರಣವಿತ್ತು. ಮಠದ ದಾಸೋಹದ ಮನೆಯಲ್ಲಿ ಯಾರು ಬಂದರೂ ಊಟ. ಉಣ್ಣುವವರ ಸಾಲಿನ ಮೇಲ್ಗಡೆ ಗೋಡೆಗೆ ಹಳೆಯ ಚಿತ್ರದ ಹಲಗೆಯೊಂದನ್ನು ತೂಗುಹಾಕಿದ್ದರು. ಅದನ್ನು ಅರಮನೆಯ ಚಿತ್ರಶಾಲೆಗೆ ಕೊಡಿ ಎಂದು ಅಧಿಕಾರಿಗಳು ಕೇಳಿ ಹೋಗಿದ್ದರು. ನಾಳೆ ಬಂದಾಗ ಉತ್ತರ ಹೇಳಬೇಕಿತ್ತು. ಕೊಟ್ರಯ್ಯ ಮಠದ ಉಗ್ರಾಣ ನೋಡಿಕೊಳ್ಳುವ ಶಿಷ್ಯ. ಹಲಗೆಯ ಧೂಳು ಒರೆಸುವವನೂ ಅವನೇ. ಒಲೆಯ ಹೊಗೆಗೆ ಅದರ ಬಣ್ಣ ಕಪ್ಪಾಗುವುದನ್ನು ದಿನವೂ ಕಾಣುವವನೂ ಅವನೇ.

"ಇಲ್ಲಿ ಹೊಗೆ, ಗೆದ್ದಲು. ಅಲ್ಲಿ ಕಲ್ಲಿನ ಗೋಡೆಯಿದೆ, ಕಾವಲಿದೆ. ಇನ್ನೂ ಎಷ್ಟೋ ತಲೆಮಾರು ಬಾಳುತ್ತದೆ. ನಮ್ಮದು ಎನ್ನುವ ಹಟಕ್ಕೆ ಅದನ್ನು ಇಲ್ಲೇ ಕೊಲ್ಲಬೇಕೇ?"

ಗುರುಗಳು ಕೂರಲು ಹೇಳಿ, ಈ ಕತೆ ಹೇಳಿದರು.

ಒಬ್ಬ ಅರಸನಿದ್ದ. ಅರಸರಿಗೆ ಒಬ್ಬೊಬ್ಬರಿಗೆ ಒಂದೊಂದು ಹುಚ್ಚು. ಕೆಲವರಿಗೆ ಕುದುರೆ, ಕೆಲವರಿಗೆ ಕೋಟೆ. ಇವನಿಗೆ ಚೆಲುವಾದ ವಸ್ತುಗಳ ಹುಚ್ಚು. ಗೆದ್ದ ಊರಿನಲ್ಲಿ ಹೊನ್ನು ಬಿಟ್ಟು ಬಂದಾನು, ಕಂಚಿನ ದೀಪವೊಂದನ್ನು ಬಿಟ್ಟು ಬರುವವನಲ್ಲ. ಅಂಥವನ್ನು ಅವನ ಅಜ್ಜ ಮದುವೆಯ ಬಳುವಳಿಯೆಂದು ತಂದಿದ್ದ. ಅಪ್ಪ ಕತ್ತಿ ತೋರಿಸಿ ತಂದಿದ್ದ. ಇವನು ನಯವಾಗಿ ಕೇಳಿ ತರಿಸುತ್ತಿದ್ದ. ಬೆನ್ನ ಹಿಂದೆ ಕುದುರೆ ದಂಡು ನಿಂತಿದ್ದರೆ ಎಷ್ಟು ನಯವಾಗಿ ಬೇಕಾದರೂ ಕೇಳಬಹುದು.

ಹೀಗೆ ಮೂರು ತಲೆಮಾರಿನ ವಸ್ತುಗಳು ಒಂದು ದೊಡ್ಡ ಚಿತ್ರಶಾಲೆಯಲ್ಲಿ ಕೂಡಿಬಿದ್ದವು. ಪ್ರತಿಯೊಂದರ ಕೆಳಗೂ ಅರಸನ ಹೆಸರು ಬರೆದಿತ್ತು. ಮಾಡಿದವರ ಹೆಸರು ಇರಲಿಲ್ಲ, ಕಳೆದುಕೊಂಡವರ ಹೆಸರಂತೂ ಇರಲೇ ಇಲ್ಲ. ಹಾಗೆಂದು ಅವನನ್ನು ನೀಚನೆಂದು ನಾನು ಹೇಳುತ್ತಿಲ್ಲ. ದಿನಾ ಬೆಳಿಗ್ಗೆ ತಾನೇ ಹೋಗಿ ಅವುಗಳ ಧೂಳು ಒರೆಸುತ್ತಿದ್ದ, ನಿನ್ನ ಹಾಗೆಯೇ.

ಗಡಿಯ ಹಳ್ಳಿಯೊಂದರಲ್ಲಿ ಒಂದು ಪಟವಿತ್ತು. ದಪ್ಪ ಬಟ್ಟೆಯ ಮೇಲೆ ಬರೆದ ದೇವಿಯ ಪಟ. ಅದಕ್ಕೆ ಗುಡಿಯಿಲ್ಲ, ಪೂಜಾರಿಯಿಲ್ಲ. ವರ್ಷಕ್ಕೊಂದು ಮನೆಯಲ್ಲಿ ಇರುತ್ತಿತ್ತು. ಗೌಡನ ಮನೆಯಾದ ಮೇಲೆ ಚಮ್ಮಾರನ ಮನೆ, ಅಲ್ಲಿಂದ ಕುಂಬಾರನ ಮನೆ, ಹೀಗೆ. ಯುಗಾದಿಯ ದಿನ ಪಟವನ್ನು ಅಂಗಳದಲ್ಲಿ ತೂಗುಹಾಕುವರು. ಆ ಮನೆಯ ಹಿರಿಯರು ಅದರ ಕೆಳಗೆ ಬರಿ ನೆಲದ ಮೇಲೆ ಕೂರಬೇಕು. ಅವರಿಂದ ನೊಂದವರು ಯಾರೇ ಆಗಲಿ, ಎದುರಿಗೆ ನಿಂತು ಕೇಳಬಹುದು. ಕೂತವರು ನಿಜ ಹೇಳಬೇಕು. ಕೇಳುವವರೆಲ್ಲ ಕೇಳಿ ಮುಗಿದ ಮೇಲೆಯೇ ಪಟ ಇನ್ನೊಂದು ಮನೆಗೆ ಹೋಗುವುದು. ಕೊಡುವವರು "ಇನ್ನು ನಿಮ್ಮ ಸರದಿ" ಎನ್ನುವರು. ಪಡೆಯುವವರು ಪಟವನ್ನು ತಲೆಯ ಮೇಲೆ ಹೊತ್ತು "ನಮ್ಮ ಮನೆಗೆ ಬರಲಿ" ಎನ್ನುವರು. ಅಷ್ಟೇ ಶಾಸ್ತ್ರ.

ಆ ಊರಿನಲ್ಲೂ ದೊಡ್ಡವರು ಸಣ್ಣವರ ಮೇಲೆ ಕೈ ಎತ್ತುತ್ತಿದ್ದರು. ಆದರೆ ಎತ್ತುವ ಮುಂಚೆ ಯುಗಾದಿಯನ್ನು ಒಮ್ಮೆ ನೆನೆಯುತ್ತಿದ್ದರು. ಬೇರೆ ಊರುಗಳಲ್ಲಿ ಅಷ್ಟೂ ಇರಲಿಲ್ಲ.

ಪಟದ ಸುದ್ದಿ ಅರಸನ ಕಿವಿಗೆ ಬಿತ್ತು. ಒಂದು ಯುಗಾದಿಯ ದಿನ ಅವನ ಅಧಿಕಾರಿ ಕುದುರೆ ಸವಾರರೊಂದಿಗೆ ಬಂದಿಳಿದ. ಆ ವರ್ಷ ಪಟ ಒಬ್ಬ ಗಾಣಗಿತ್ತಿಯ ಮನೆಯಲ್ಲಿತ್ತು. ಗಂಡ ಸತ್ತ ಮೇಲೆ ಗಾಣವನ್ನು ತಾನೇ ನಡೆಸಿಕೊಂಡು ಬಂದ ಹೆಂಗಸು, ಯಾರ ಮುಲಾಜಿಗೂ ಬೀಳದವಳು. ಎಣ್ಣೆಯಲ್ಲಿ ಕಲಬೆರಕೆ ಮಾಡಿದ್ದೆಯಾ ಎಂದು ಊರವರು ಅವಳನ್ನು ಕೇಳಿ, ಅವಳು ಉತ್ತರ ಹೇಳಿ, ಆಗಷ್ಟೇ ನೆಲದಿಂದ ಎದ್ದಿದ್ದಳು. ಪಟ ಮುಂದಿನ ಮನೆಗೆ ಹೊರಡಬೇಕಿತ್ತು.

ಅಧಿಕಾರಿ ಅರಸನ ಆಸೆಯನ್ನು ತಿಳಿಸಿದ. ಗಾಣಗಿತ್ತಿ ಕುದುರೆಗಳನ್ನು ನೋಡಿದಳು, ಊರವರ ಮುಖ ನೋಡಿದಳು. ಬೇಡವೆಂದರೆ ಸಂಜೆಯೊಳಗೆ ಊರಿಗೆ ಬೆಂಕಿ ಬೀಳುತ್ತದೆಂದು ಅವಳಿಗೆ ಗೊತ್ತಿತ್ತು. ಪಟವನ್ನು ಮಡಿಸಿ ತಂದು, ಎಲ್ಲರಿಗೂ ಹೇಳುವ ಮಾತನ್ನೇ ಅವನಿಗೂ ಹೇಳಿದಳು. "ಇನ್ನ ನಿಮ್ಮ ಸರದಿ."

ಅಧಿಕಾರಿ ಜಾಣ. ಹಳ್ಳಿಯವರ ಶಾಸ್ತ್ರಕ್ಕೆ ತಲೆಬಾಗಿದರೆ ಗಲಾಟೆಯಿಲ್ಲದೆ ಕೆಲಸವಾಗುತ್ತದೆಂದು ಬಲ್ಲವ. ಏನನ್ನಬೇಕೆಂದು ಪಕ್ಕದವರನ್ನು ಕೇಳಿ ತಿಳಿದುಕೊಂಡ. ಪಟವನ್ನು ತಲೆಯ ಮೇಲೆ ಹೊತ್ತು, "ಅರಸರ ಮನೆಗೆ ಬರಲಿ" ಎಂದ. ಯಾರೂ ಅಳಲಿಲ್ಲ, ಯಾರೂ ಅಡ್ಡ ಬರಲಿಲ್ಲ. ತನ್ನ ನಯಕ್ಕೆ ತಾನೇ ಮೆಚ್ಚಿಕೊಂಡು ಅವನು ಹೊರಟುಹೋದ.

ಮುಂದಿನ ಯುಗಾದಿಗೆ ಆ ಊರಿನ ಜನ ಬುತ್ತಿ ಕಟ್ಟಿಕೊಂಡು ರಾಜಧಾನಿಗೆ ಬಂದರು. ಹಬ್ಬದ ದಿನ ಚಿತ್ರಶಾಲೆಯನ್ನು ಪ್ರಜೆಗಳಿಗೆ ತೆರೆದಿಡುವುದು ಅರಸನ ರೂಢಿ. ಅವರು ಒಳಗೆ ಹೋಗಿ ಪಟದ ಎದುರಿಗೆ ಸುಮ್ಮನೆ ಕುಳಿತರು. ಇಷ್ಟು ದೂರದಿಂದ ನೋಡಲು ಬಂದಿದ್ದಾರೆಂದು ಅರಸನಿಗೆ ಹಿಗ್ಗು. ತಾನೇ ಬಂದು, ನಿಮ್ಮ ಪಟ ಎಷ್ಟು ಚೆನ್ನಾಗಿದೆ ನೋಡಿ ಎಂದ.

ಗಾಣಗಿತ್ತಿ ಎದ್ದು ನಿಂತಳು. "ಚೊಲೋ ಇಟ್ಟೀರಿ ದೊರೆ, ಇಲ್ಲ ಅನ್ನಂಗಿಲ್ಲ. ಈಗ ಅದರ ಕೆಳಗ ಕುಂದರ್ರಿ. ಈ ವರ್ಷದ್ದು ನಿಮ್ಮ ಸರದಿ."

ಸರದಿ ಎಂದರೇನೆಂದು ಬಿಡಿಸಿ ಹೇಳಿದರು. ಅರಸ ಮೊದಲು ನಕ್ಕ. ಅವರು ನಗದಿರುವುದನ್ನು ಕಂಡು ನಗು ನಿಲ್ಲಿಸಿದ. "ಇದು ಈಗ ನನ್ನ ಚಿತ್ರ. ನಿಮ್ಮ ಶಾಸ್ತ್ರ ನಿಮ್ಮ ಊರಿನಲ್ಲಿ ಇಟ್ಟುಕೊಳ್ಳಿ" ಎಂದ.

"ಪಟ ಒಂದ ತಂದು, ಸರದಿ ಅಲ್ಲೇ ಬಿಟ್ಟು ಬರಾಕ ಆಗಂಗಿಲ್ರಿ. ನಿಮ್ಮ ಮಂದಿ ತಲಿ ಮ್ಯಾಲೆ ಹೊತ್ತು ನಿಮ್ಮ ಹೆಸರು ಹೇಳಿ ಕರಕೊಂಡು ಬಂದಾರ. ಊರಿಗೆ ಊರೇ ನೋಡೇತಿ."

ಕಾವಲುಗಾರರು ಅವರನ್ನು ಹೊರಗೆ ದಬ್ಬಿದರು. ಅವರು ಚಿತ್ರಶಾಲೆಯ ಗೋಡೆಯ ಆಚೆಗೆ ಕುಳಿತರು. ಒಬ್ಬೊಬ್ಬರಾಗಿ ಎದ್ದು, ಗೋಡೆಯ ಕಡೆ ಮುಖ ಮಾಡಿ, ತಮ್ಮ ಪ್ರಶ್ನೆ ಕೇಳತೊಡಗಿದರು. ಒಬ್ಬನ ಎತ್ತುಗಳನ್ನು ದಂಡಿನವರು ಹೊಡೆದುಕೊಂಡು ಹೋಗಿದ್ದರು. ಇನ್ನೊಬ್ಬಳ ಗಂಡ ಇದೇ ಚಿತ್ರಶಾಲೆಗೆ ಕಲ್ಲು ಹೊರಲು ಬಂದು ಕಲ್ಲಿನ ಕೆಳಗೇ ಸತ್ತಿದ್ದ. ಕೇಳುವರು, ಉತ್ತರಕ್ಕೆ ಸ್ವಲ್ಪ ಹೊತ್ತು ಕಾಯುವರು, ಕೂರುವರು. ಪೇಟೆಯ ಜನ ಮೊದಲು ತಮಾಷೆ ನೋಡಲು ನಿಂತರು. ಮರುದಿನ ಅವರಲ್ಲೇ ಒಬ್ಬ ಎದ್ದು ತನ್ನದನ್ನೂ ಕೇಳಿದ. ಅದರ ಮರುದಿನ ಇನ್ನೊಂದು ಊರಿನವರು ಬಂದರು. "ನಮ್ಮ ದೀಪಾನೂ ಒಳಗೈತಂತ" ಎಂದು ಅವರೂ ಕುಳಿತರು.

ಅರಸನಿಗೆ ಊಟ ಸೇರದಾಯಿತು. ಪಟ ಅವರ ಮುಖಕ್ಕೆ ಎಸೆದು ಕೈ ತೊಳೆದುಕೊಳ್ಳಿ ಎಂದ ಮಂತ್ರಿ. ಅರಸನಿಗೆ ಸಂಕಟವಾಯಿತು, ಆದರೂ ಒಪ್ಪಿದ. ಮಂತ್ರಿ ಪಟವನ್ನು ರೇಷ್ಮೆಯಲ್ಲಿ ಸುತ್ತಿಸಿ ಹೊರಗೆ ತಂದ. ಗಾಣಗಿತ್ತಿ ಕೈ ಕಟ್ಟಿಕೊಂಡು ನಿಂತಳು. ಉತ್ತರ ಹೇಳದ ಮನೆಯಿಂದ ಪಟ ಹೊರಗೆ ಬರುವಂತಿಲ್ಲ, ನಾವು ಮುಟ್ಟುವುದಿಲ್ಲ ಎಂದಳು. ಮಂತ್ರಿಗೆ ರೇಗಿತು. ಆ ಕಟ್ಟಿಕೊಂಡ ಕೈಗಳನ್ನೇ ಕಡಿಸುತ್ತೇನೆ ಎಂದ.

"ಕಡೀರಿ. ಅದನ್ನೂ ಕೇಳತೀವಿ" ಎಂದಳು.

ಸುಟ್ಟುಬಿಡಿ ಎಂದೂ ಕೆಲವರು ಅರಸನಿಗೆ ಸಲಹೆ ಕೊಟ್ಟರು. ಅರಸ ದೀವಟಿಗೆ ತರಿಸಿದ, ಹತ್ತಿರ ಹಿಡಿದ, ಹಿಂದಕ್ಕೆ ಕೊಟ್ಟ. ಮೂರು ತಲೆಮಾರಿನ ಹುಚ್ಚು ಅವನ ಕೈ ಹಿಡಿದುಕೊಂಡಿತ್ತು. ಪಟವನ್ನು ಇಟ್ಟುಕೊಳ್ಳುವಂತಿಲ್ಲ, ಕೊಡುವಂತಿಲ್ಲ, ಸುಡುವಂತಿಲ್ಲ. ನನ್ನ ಬದಲು ನೀನು ಕೂರು ಎಂದು ಅಧಿಕಾರಿಗೆ ಹೇಳಿ ನೋಡಿದ. ಹೊರಗಿನವರು ಅಧಿಕಾರಿಯ ಕಡೆ ತಿರುಗಿಯೂ ನೋಡಲಿಲ್ಲ.

ಕೊನೆಗೆ ಅರಸ ಪಟವನ್ನು ಮತ್ತೆ ತೂಗುಹಾಕಿಸಿ, ಬಾಗಿಲು ತೆಗೆಸಿ, ಅದರ ಕೆಳಗೆ ಬರಿ ನೆಲದ ಮೇಲೆ ಕುಳಿತ. ಗಾಣಗಿತ್ತಿ ಮೊದಲು ಬಂದು ಎದುರಿಗೆ ನಿಂತಳು. ಪಟದ ಕೆಳಗೆ ಕೂತವರು ಯಾರೇ ಆಗಲಿ, ಅವರನ್ನು ಏಕವಚನದಲ್ಲೇ ಕೇಳುವುದು.

"ಇದನ್ನ ಯಾಕ ಒಯ್ದಿ?"

"ಕಾಪಾಡಲು" ಎಂದ ಅರಸ. ಅವಳು ಅಲ್ಲಿಂದ ಕದಲಲಿಲ್ಲ. ಚೆಲುವಾಗಿತ್ತು, ಅದಕ್ಕೆ ಎಂದ. ಅದಕ್ಕೂ ಕದಲಲಿಲ್ಲ. ಮೂರನೆಯ ಸಲ, "ಬೇಕೆನಿಸಿತು. ಬೇಡವೆನ್ನುವ ಧೈರ್ಯ ನಿಮಗಿಲ್ಲವೆಂದುಕೊಂಡೆ" ಎಂದ.

ಆಗ ಅವಳು ಪಕ್ಕಕ್ಕೆ ಸರಿದಳು. ಎತ್ತು ಕಳೆದುಕೊಂಡವನು ಮುಂದೆ ಬಂದ. ಅವನ ಹಿಂದಿನ ಸಾಲು ಅರಮನೆಯ ಹೆಬ್ಬಾಗಿಲು ದಾಟಿ ಪೇಟೆಯವರೆಗೆ ಹೋಗಿತ್ತು. ಎಲ್ಲರಿಗೂ ಉತ್ತರ ಸಿಕ್ಕ ಮೇಲೆ ಪಟವನ್ನು ತಲೆಯ ಮೇಲೆ ಹೊತ್ತುಕೊಂಡವನು ಆ ಹಳ್ಳಿಯ ಒಬ್ಬ ಉಪ್ಪು ಮಾರುವವನು. ಆ ವರ್ಷ ಅವನ ಸರದಿ.

ಅರಸ ಆಮೇಲೆ ಒಳ್ಳೆಯವನಾದನೇ ಎಂದು ನನ್ನನ್ನು ಕೇಳಬೇಡ. ಚಿತ್ರಶಾಲೆಗೆ ಇನ್ನೊಂದು ಬೀಗ ಹಾಕಿಸಿದನಂತೆ.

ಗುರುಗಳ ಕತೆ ಇಲ್ಲಿಗೆ ಮುಗಿಯಿತು. ಕೊಟ್ರಯ್ಯನಿಗೆ ಇನ್ನೂ ಸಮಾಧಾನವಿರಲಿಲ್ಲ.

"ಆದರೆ ಬುದ್ಧೀ, ಮನೆಯಿಂದ ಮನೆಗೆ ತಿರುಗಿ ತಿರುಗಿ ಆ ಪಟ ಹರಿದು ಹೋಗಿರಬೇಕಲ್ಲ?"

"ಹರಿಯಿತು. ಬರೆಯುವವರು ಊರಲ್ಲೇ ಇದ್ದರು, ಮತ್ತೆ ಬರೆದರು."

"ಹಾಗಾದರೆ ನಾಳೆ ಅಧಿಕಾರಿಗಳಿಗೆ ಹಲಗೆ ಕೊಡುವುದಿಲ್ಲ ಎನ್ನಲೇ?"

"ಕೊಡುತ್ತೇವೆ ಎನ್ನು, ಅದರ ಕೆಳಗೆ ಉಣ್ಣುವವರೆಲ್ಲ ನಾಳೆಯಿಂದ ಅರಮನೆಗೇ ಬರುತ್ತಾರೆ, ಎಲೆ ಹಾಕಿಸಿಟ್ಟಿರಲಿ ಎನ್ನು."